ಯಾವ ಬಸ್ಸು, ಯಾವ ಅಕ್ಕಿ

29 ಮಾರ್ಚ್ 2023, ಬುಧವಾರ. ಸಿದ್ದಕಟ್ಟೆ

ಚುನಾವಣೆ ಘೋಷಣೆ ಆಯಿತು. ಮೇ 10ಕ್ಕೆ ಓಟು, 13ಕ್ಕೆ ಎಣಿಕೆ. ಇವತ್ತಿನಿಂದಲೇ ನೀತಿ ಸಂಹಿತೆ. ಹಪ್ಪಳಕ್ಕೆ ಹಲಸಿನಕಾಯಿ ಬೇಯಲಿಟ್ಟು ಟಿವಿ ಎದುರು ಕೂತವಳು ಏಳಲೇ ಇಲ್ಲ. ಕಾಯಿ ಅತಿಯಾಗಿ ಬೆಂದು ಹೋಯಿತು.

ಮೂವತ್ತೊಂದು ವರ್ಷ ಪೌರನೀತಿ ಪಾಠ ಮಾಡಿದೆ. ‘ಪ್ರಣಾಳಿಕೆ ಎಂದರೇನು?’ ಎರಡು ಅಂಕದ ಪ್ರಶ್ನೆ. ಅಧಿಕಾರಕ್ಕೆ ಬಂದರೆ ಏನು ಮಾಡುತ್ತೇವೆಂದು ಪಕ್ಷ ಜನರಿಗೆ ತಿಳಿಸುವ ಬರಹ. ಅಷ್ಟು ಬರೆದರೆ ಪೂರ್ತಿ ಅಂಕ. ಎಷ್ಟು ತಿಳಿಸಬೇಕು ಎಂದು ಒಂದು ಮಗುವೂ ಕೇಳಲಿಲ್ಲ. ನಾನೂ ಹೇಳಿಕೊಡಲಿಲ್ಲ.

6 ಏಪ್ರಿಲ್, ಗುರುವಾರ. ಸಂಜೆ

ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡು ನಮ್ಮ ಮನೆಗೂ ಬಂತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರ ಸಹಿ. ತಿಂಗಳಿಗೆ 200 ಯೂನಿಟ್ ಕರೆಂಟು, ಮನೆಯೊಡತಿಗೆ 2,000 ರೂಪಾಯಿ, ತಲೆಗೆ 10 ಕೆಜಿ ಅಕ್ಕಿ.

ಪಕ್ಕದ ಮನೆಯ ಮೂವರು ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನಾನು ಕಾರ್ಡು ಓದಿ ಹೇಳಿದೆ. ದೊಡ್ಡವಳು ಎಲೆ ಸುತ್ತುತ್ತಲೇ ಕೇಳಿದಳು: “ಯಾವ ಅಕ್ಕಿ ಟೀಚರೇ? ಕುಚ್ಚಲಾ, ಬೆಳ್ತಿಗೆಯಾ?”

ಕಾರ್ಡು ತಿರುಗಿಸಿ ನೋಡಿದೆ. ಇಲ್ಲ.

ಅವಳ ಮನೆಯಲ್ಲಿ ಐದು ಜನ. ತಿಂಗಳಿಗೆ ಐವತ್ತು ಕೆಜಿ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯಾದರೆ ದೋಸೆಗೆ, ಇಡ್ಲಿಗೆ ಎಷ್ಟು ಬೇಕು? ಮಧ್ಯಾಹ್ನದ ಊಟಕ್ಕೆ ಅದನ್ನು ಈ ಕಡೆ ಯಾರೂ ಬೇಯಿಸುವುದಿಲ್ಲ. ಹಿಂದಿನ ಸರಕಾರವೂ ಪಡಿತರಕ್ಕೆ ನಮ್ಮ ಕುಚ್ಚಲಕ್ಕಿ ಕೊಡುತ್ತೇವೆ, ಎಂಒ4, ಜಯ, ಜ್ಯೋತಿ, ಅಭಿಲಾಷ ತಳಿಯ ಭತ್ತ ಇಲ್ಲೇ ಖರೀದಿಸುತ್ತೇವೆ ಎಂದಿತ್ತು. ಮಾತಿನಲ್ಲಿ ತಳಿಯ ಹೆಸರಿನವರೆಗೂ ವಿವರ ಇತ್ತು. ಅನ್ನವಾಗಿ ಬಟ್ಟಲಿಗೆ ಬೀಳಲಿಲ್ಲ.

ಹಾಗಾದರೆ ವಿವರ ಇದ್ದರೆ ಸಾಕೇ? ಗೊತ್ತಾಗುತ್ತಿಲ್ಲ.

12 ಏಪ್ರಿಲ್, ಬುಧವಾರ. ರಾತ್ರಿ 9:30

ಹಳೇ ಶಿಷ್ಯನೊಬ್ಬ ಬೈಕಿನಲ್ಲಿ ಬಂದ. ಒಬ್ಬ ಅಭ್ಯರ್ಥಿಯ ಕರಪತ್ರದ ಕೆಲಸ ಅವನದ್ದಂತೆ. ಪ್ರೂಫ್ ತಂದಿದ್ದ. “ಕನ್ನಡ ಒಮ್ಮೆ ನೋಡಿ ಕೊಡಿ ಟೀಚರೇ, ಅಲ್ಪಪ್ರಾಣ ಮಹಾಪ್ರಾಣ ನನಗೆ ಈಗಲೂ ಆಗುವುದಿಲ್ಲ.” ಯಾವ ಪಕ್ಷ, ಯಾವ ಕ್ಷೇತ್ರ ಎಂದು ಇಲ್ಲಿಯೂ ಬರೆಯುವುದಿಲ್ಲ. ನಂಬಿ ಬಂದ ಹುಡುಗ.

ಎಂಟು ಸಾಲು, ಎಂಟು ಭರವಸೆ. ನಾಲ್ಕನೆಯದು: ಕುಮ್ಕಿ ಭೂಮಿ ರೈತರಿಗೇ.

ಈ ಸಾಲನ್ನು ನಾನು ಹುಡುಗಿಯಾಗಿದ್ದಾಗಿನಿಂದ ಕೇಳುತ್ತಿದ್ದೇನೆ. ವರ್ಗ ಜಾಗದ, ಅಂದರೆ ಪಟ್ಟಾ ಜಾಗದ, ಗಡಿಯಿಂದ 450 ಲಿಂಕಿನೊಳಗಿನ ಸರಕಾರಿ ಜಾಗ. ಸೊಪ್ಪು ಕಡಿಯಬಹುದು, ಸೌದೆ ತರಬಹುದು, ದನ ಮೇಯಿಸಬಹುದು. ಅನುಭವಿಸುವ ಹಕ್ಕು ಉಂಟು, ಒಡೆತನ ಇಲ್ಲ. ಎಲ್ಲ ಚುನಾವಣೆಯಲ್ಲೂ ಎಲ್ಲರೂ ಕೊಡುತ್ತೇವೆ ಎನ್ನುತ್ತಾರೆ.

ಕಾಗುಣಿತ ತಿದ್ದಿದೆ. ಕೈ ಅಲ್ಲಿಗೇ ನಿಲ್ಲಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಎಕ್ರೆಗೆ ಎಷ್ಟು ಕಟ್ಟಬೇಕು? ಡೀಮ್ಡ್ ಫಾರೆಸ್ಟ್ ಎಂದು ಗುರುತಾದಲ್ಲಿ ಏನು? ಆ ಕುಮ್ಕಿಯಲ್ಲೇ ಮನೆ ಕಟ್ಟಿ ಸಕ್ರಮಕ್ಕೆ 94ಸಿ ಅರ್ಜಿ ಹಾಕಿ ಕೂತವರು ಎಲ್ಲಿಗೆ ಹೋಗಬೇಕು?

ಅವನು ಓದಿದ. ತಲೆ ಕೆರೆದ. “ಕೇಳಿ ನೋಡ್ತೇನೆ” ಎಂದು ಹೋದ.

14 ಏಪ್ರಿಲ್, ಶುಕ್ರವಾರ

ಅಂಬೇಡ್ಕರ್ ಜಯಂತಿ. ಕರಪತ್ರ ಅಚ್ಚಾಗಿ ಬಂತು. ನನ್ನ ಮೂರು ಪ್ರಶ್ನೆಗಳಿಗೆ ಉತ್ತರ ಇಲ್ಲ. ಕಾಗುಣಿತ ಸರಿಯಾಗಿದೆ.

“ಟೀಚರೇ, ಮೂರನೇ ಪ್ರಶ್ನೆಗೆ ಉತ್ತರ ಬರೆದರೆ ಮುಗೀತು. ಕುಮ್ಕಿ ಇದ್ದವರಿಗೆ ಕೊಡ್ತೇವೆ ಅಂದರೆ 94ಸಿ ಯವರ ಓಟು ಹೋಗ್ತದೆ. ಅವರಿಗೆ ಬಿಡ್ತೇವೆ ಅಂದರೆ ವರ್ಗದಾರರದ್ದು ಹೋಗ್ತದೆ. ಈಗ ಇಬ್ಬರೂ ತಮಗೇ ಅಂತ ತಿಳ್ಕೊಂಡಿದ್ದಾರೆ.”

ಅವನು ಸುಳ್ಳು ಹೇಳಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ವಿವರ ಬಿಟ್ಟದ್ದು ಜಾಗ ಸಾಲದೆ ಅಲ್ಲ, ಮರೆತೂ ಅಲ್ಲ. ಬಿಡಿಸಿ ಹೇಳಿದರೆ ಊರು ಎರಡಾಗುತ್ತದೆ. ಮಸುಕಾಗಿಟ್ಟರೆ ಎರಡು ಮನೆಯೂ ಒಂದೇ ಕಾಗದ ಓದಿ ಖುಷಿಪಡುತ್ತವೆ. ಗೆದ್ದ ಮೇಲೆ ಒಂದು ಮನೆಗೆ ಮೋಸ ಆಗಲೇಬೇಕು. ಆ ಮನೆ ಯಾವುದೆಂದು ಬರೆದವರಿಗೂ ಗೊತ್ತಿಲ್ಲ.

ಅವನಿಗೆ ಎಳನೀರು ಕೊಟ್ಟೆ. ಬಯ್ಯಲಿಲ್ಲ.

15 ಏಪ್ರಿಲ್, ಶನಿವಾರ. ಬಿಸು

ಕಣಿ ಇಟ್ಟೆ. ಸೌತೆಕಾಯಿ, ತೆಂಗಿನಕಾಯಿ, ಗೇರುಹಣ್ಣು, ಕನ್ನಡಿ.

ರಾತ್ರಿ ಪಕ್ಕದ ಮನೆಯ ದೈವಕ್ಕೆ ಹರಕೆ ಹೇಳಿಕೊಳ್ಳುವುದಿತ್ತು. ಮನೆಯ ಹಿರಿಯರು ಕೈಮುಗಿದು ಹೇಳಿದರು: ಇಂಥವನ ಹೆಸರಿನಲ್ಲಿ, ಇಂಥ ಕಾರಣಕ್ಕೆ, ಪತ್ತನಾಜೆಯ ಒಳಗೆ, ಇಂಥದ್ದು ಒಪ್ಪಿಸುತ್ತೇವೆ. ದೈವದ ಮುಂದೆ ನಾವು ಮಸುಕಾಗಿ ಮಾತಾಡುವುದಿಲ್ಲ. ಏನು, ಯಾರದ್ದು, ಯಾವಾಗ, ಮೂರನ್ನೂ ಹೇಳುತ್ತೇವೆ. ಹೇಳದೆ ಬಿಟ್ಟರೆ ಆಮೇಲೆ ಜೋಯಿಸರ ಪ್ರಶ್ನೆಯಲ್ಲಿ ಸಿಕ್ಕುತ್ತದೆ ಎಂಬ ಹೆದರಿಕೆ.

ಓಟುದಾರನ ಮುಂದೆ ಆ ಹೆದರಿಕೆ ಯಾಕಿಲ್ಲ?

20 ಏಪ್ರಿಲ್, ಗುರುವಾರ

ನಾಮಪತ್ರಕ್ಕೆ ಕೊನೇ ದಿನ. ಬಂಟ್ವಾಳ ಪೇಟೆ ತುಂಬ ಮೆರವಣಿಗೆ. ಪಡಸಾಲೆಯ ಪೆಟ್ಟಿಗೆ ತೆಗೆದು ಅಪ್ಪನ ಕಾಗದ ನೋಡಿದೆ.

ಗೇಣಿ ಜಾಗದ ಹಕ್ಕು ಕೇಳುವ ಅರ್ಜಿ, ಫಾರಂ ನಂಬ್ರ 7, ಅದರ ನಕಲು. ಸರ್ವೆ ನಂಬ್ರ, ವಿಸ್ತೀರ್ಣ, ಧಣಿಯ ಹೆಸರು, ಎಂದಿನಿಂದ ಗೇಣಿ. ಕೊನೆಯಲ್ಲಿ ಅಪ್ಪನ ಹೆಬ್ಬೆಟ್ಟು, ಶಾಯಿ ಈಗ ಕಂದು. ಅಪ್ಪ ಚಾಲಗೇಣಿ ಒಕ್ಕಲು. ವರ್ಷವರ್ಷ ಅಕ್ಕಿ ಮುಡಿ ಹೊತ್ತು ಧಣಿಯ ಚಾವಡಿಗೆ ಹೋಗುತ್ತಿದ್ದರು. ಗೇಣಿ ಕಾನೂನು 1974ರ ಮಾರ್ಚ್ 1ರಿಂದ ಬದಲಾಯಿತು. ಅಪ್ಪ ಎಷ್ಟೋ ಕಾಲ ಅರ್ಜಿ ಹಾಕಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಹೇಗೆ ಎಂದು ಕೂತರು. ಗಡುವು ಮುಂದೆ ಹೋಗಿ 1979ರ ಜೂನ್ 30ರ ತನಕ ಸಿಕ್ಕಿತು. ಶಾಲೆಯ ಮಾಷ್ಟ್ರು ಚಿಮಿಣಿ ದೀಪದಲ್ಲಿ ಕೂತು ಬರೆದುಕೊಟ್ಟರು. ನಾನು ದೀಪ ಹಿಡಿದಿದ್ದೆ. ಬೆಳ್ತಂಗಡಿಯ ಟ್ರಿಬ್ಯೂನಲ್ ಮುಂದೆ ಅಪ್ಪ ನಡುಗಿದ್ದೂ ನೆನಪುಂಟು.

ಉಳುವವನೇ ಹೊಲದೊಡೆಯ ಎಂಬುದು ಘೋಷಣೆ. ಜಾಗ ನಮ್ಮದಾದದ್ದು ಈ ಒಂದು ಹಾಳೆಯಿಂದ.

ಇಷ್ಟು ಬರೆದು ಸಮಾಧಾನ ಆಗಿತ್ತು. ಮಲಗಿದ ಮೇಲೆ ಹೊಳೆಯಿತು: ಅಪ್ಪ ಓಟು ಹಾಕಿದ್ದು 1972ರಲ್ಲಿ. ಆಗ ಫಾರಂ 7 ಇರಲಿಲ್ಲ, ಟ್ರಿಬ್ಯೂನಲ್ ಇರಲಿಲ್ಲ. ದೇವರಾಜ ಅರಸು ಮುಖ್ಯಮಂತ್ರಿಯಾದ ಮೇಲೆ ಎರಡು ವರ್ಷ ಕಳೆದು ಬಂದದ್ದು. ಅಪ್ಪ ವಿವರ ಕೇಳಿ ಓಟು ಹಾಕಿದವರಲ್ಲ. ನಂಬಿ ಹಾಕಿದರು. ನಂಬಿಕೆ ಉಳಿಯಿತು.

ನನ್ನ ವಾದ ನನ್ನ ಅಪ್ಪನಲ್ಲೇ ಮುರಿಯುತ್ತದೆ. ಎದ್ದು ದೀಪ ಹಾಕಿ ಬರೆಯುತ್ತಿದ್ದೇನೆ. ಗಂಟೆ 12:40.

23 ಏಪ್ರಿಲ್, ಭಾನುವಾರ. ವೇಣೂರು

ತವರಿಗೆ ಬಂದೆ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ಬಿಸಿಲಿಗೆ ತಲೆ ಸಿಡಿಯುತ್ತಿದೆ. ಅತ್ತಿಗೆ ಪುನರ್ಪುಳಿ ಶರಬತ್ತು ಕೊಟ್ಟರು.

ಅಣ್ಣನ ಮಗ ಬೆಳ್ತಂಗಡಿ ಕೋರ್ಟಿನಲ್ಲಿ ವಕೀಲ. ಅವನಿಗೆ ಕುಮ್ಕಿಯ ಕತೆ ಹೇಳಿದೆ. “ಅತ್ತೆ, ಇದಕ್ಕೆ ನಿಯಮ ಉಂಟು” ಅಂದ. ಬರೆದಿಟ್ಟುಕೊಂಡೆ:

2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣ, ತಮಿಳುನಾಡಿನ ಉಚಿತ ಟಿವಿಯ ವಿಚಾರ. ಪ್ರಣಾಳಿಕೆಗೆ ಮಾರ್ಗಸೂಚಿ ಮಾಡಿ ಎಂದು ಸುಪ್ರೀಂ ಕೋರ್ಟು ಚುನಾವಣಾ ಆಯೋಗಕ್ಕೆ ಹೇಳಿತು. ಮರುವರ್ಷ ನೀತಿ ಸಂಹಿತೆಗೆ ಎಂಟನೇ ಭಾಗ ಸೇರಿತು: ಭರವಸೆಗೆ ಕಾರಣ ಹೇಳಬೇಕು, ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ತೋರಿಸಬೇಕು. ಕಳೆದ ಅಕ್ಟೋಬರಿನಲ್ಲಿ ಆಯೋಗ ಪಕ್ಷಗಳಿಗೆ ಮತ್ತೆ ಪತ್ರ ಬರೆದು, ಖರ್ಚು ಎಷ್ಟು, ಹಣ ಎಲ್ಲಿಂದ ಎಂದು ಒಂದೇ ನಮೂನೆಯಲ್ಲಿ ತುಂಬಿ ಕೊಡುವ ಪ್ರಸ್ತಾಪ ಮುಂದಿಟ್ಟಿದೆ.

“ಕೊಡದಿದ್ದರೆ?”

“ಕೊಡದಿದ್ದರೆ ಏನೂ ಇಲ್ಲ ಅತ್ತೆ.”

ಅಣ್ಣ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬಂದರು. “ಅಡಿಕೆಗೆ ಎಲೆಚುಕ್ಕಿ ಬಂದು ಅರ್ಧ ತೋಟ ಕಾಯಿ ಉದುರಿಸಿದೆ, ಅದರ ಮಾತು ಯಾರ ಕರಪತ್ರದಲ್ಲಿ ಉಂಟು?” ಎಂದರು. ಯಾರೂ ಉತ್ತರಿಸಲಿಲ್ಲ. ಬೇಗ ಮಲಗಿದೆವು.

27 ಏಪ್ರಿಲ್, ಗುರುವಾರ. ರಾತ್ರಿ

ರಾಹುಲ್ ಗಾಂಧಿ ಇವತ್ತು ಮಂಗಳೂರಿನ ಅಡ್ಯಾರಿಗೆ ಬಂದಿದ್ದರು. ಐದನೇ ಗ್ಯಾರಂಟಿ ಘೋಷಿಸಿದರು: ಹೆಂಗಸರಿಗೆ ಬಸ್ಸು ಉಚಿತ. ಪಕ್ಕದ ಮನೆಯಿಂದ ಹುಡುಗಿಯರ ಕಿರುಚಾಟ. ಅವರಲ್ಲಿ ಒಬ್ಬಳು ಮೂಡುಬಿದಿರೆ ಕಾಲೇಜಿಗೆ ಹೋಗುವವಳು. ಅವಳ ಸಂತೋಷ ನೋಡಿ ನನಗೂ ಸಂತೋಷವೇ ಆಯಿತು. ತಿಂಗಳ ಬಸ್ಸಿನ ದುಡ್ಡಿಗೆ ಅವಳಮ್ಮ ಎಷ್ಟು ಬೀಡಿ ಸುತ್ತಬೇಕೆಂದು ನನಗೆ ಗೊತ್ತು.

ಆಮೇಲೆ ಯೋಚನೆ ಬಂತು. ಯಾವ ಬಸ್ಸು?

28 ಏಪ್ರಿಲ್, ಶುಕ್ರವಾರ

ಮಗಳ ಮನೆಗೆ ಮೂಡುಬಿದಿರೆಗೆ ಹೋಗುವ ಕೆಲಸ ಹೇಗೂ ಇತ್ತು. ಪುಸ್ತಕ, ಪೆನ್ಸಿಲು ಹಿಡಿದು ಸಿದ್ದಕಟ್ಟೆಯಲ್ಲಿ ಒಂದು ಗಂಟೆ ನಿಂತೆ. 9ರಿಂದ 10. ಎರಡೂ ದಿಕ್ಕಿನಲ್ಲಿ ಬಂದ ಬಸ್ಸು ಒಂಬತ್ತು. ಒಂಬತ್ತೂ ಖಾಸಗಿ. ಮೂಡುಬಿದಿರೆ ನಿಲ್ದಾಣದಲ್ಲಿ ಮತ್ತೆ ಅರ್ಧ ಗಂಟೆ ಕೂತೆ. ಮಂಗಳೂರಿಗೆ, ಕಾರ್ಕಳಕ್ಕೆ, ಬಂಟ್ವಾಳಕ್ಕೆ ಬಸ್ಸಿನ ಹುಡುಗರು ಕೂಗಿ ಕೂಗಿ ಜನ ಹತ್ತಿಸುತ್ತಿದ್ದರು. ಉಚಿತವಾಗುವ ಸರಕಾರದ ಕೆಂಪು ಬಸ್ಸು ಕಣ್ಣಿಗೆ ಬೀಳಲಿಲ್ಲ.

ಬೆಳ್ತಂಗಡಿಯ ಕತೆ ಬೇರೆ. ಧರ್ಮಸ್ಥಳದ ದಾರಿ, ಸರಕಾರಿ ಬಸ್ಸಿಗೆ ಬರಗಾಲ ಇಲ್ಲ. ಬಿ.ಸಿ. ರೋಡಿನಲ್ಲೂ ಹೆದ್ದಾರಿಯದ್ದು ಸಿಗುತ್ತದೆ. ಒಂದೇ ಜಿಲ್ಲೆ, ಮೂರು ತಾಲೂಕು. ಒಂದೇ ಮಾತು ಉಜಿರೆಯ ಹುಡುಗಿಗೆ ದುಡ್ಡು, ನಮ್ಮ ಹುಡುಗಿಗೆ ಗಾಳಿ.

ಇದನ್ನು ಅಡ್ಯಾರಿನ ವೇದಿಕೆಯಿಂದ ಯಾಕೆ ಹೇಳಲಿಲ್ಲ? ದೆಹಲಿಯಿಂದ ಬಂದವರಿಗೆ ತಿಳಿಯದು. ವೇದಿಕೆಯ ಮೇಲೆ ಇದ್ದ ಊರಿನವರಿಗೆ ತಿಳಿದಿತ್ತು.

30 ಏಪ್ರಿಲ್, ಭಾನುವಾರ

ಹುಡುಗಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಹೊರಳಾಡಿದೆ. ಇವತ್ತು ಹೇಳಿದೆ. “ಗೊತ್ತುಂಟು ಟೀಚರ್” ಅಂದಳು. “ಆದರೂ ಕೆಂಪು ಬಸ್ಸು ಹಾಕಿ ಅಂತ ಕೇಳ್ಲಿಕ್ಕೆ ಈಗ ಒಂದು ಕಾರಣ ಆಯ್ತಲ್ಲ.”

ನನಗೆ ಹೊಳೆಯದ ಮಾತು.

2 ಮೇ, ಮಂಗಳವಾರ

ಎರಡೂ ಪ್ರಣಾಳಿಕೆ ಬಂದವು. ನಿನ್ನೆ ಬಿಜೆಪಿಯದ್ದು, ‘ಪ್ರಜಾ ಪ್ರಣಾಳಿಕೆ’, ನಡ್ಡಾ ಬಿಡುಗಡೆ ಮಾಡಿದ್ದು. ಬಿಪಿಎಲ್ ಮನೆಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಚೌತಿ, ದೀಪಾವಳಿಗೆ ಒಂದೊಂದು ಸಿಲಿಂಡರ್, ತಿಂಗಳಿಗೆ 5 ಕೆಜಿ ಸಿರಿಧಾನ್ಯ. ಇವತ್ತು ಕಾಂಗ್ರೆಸ್ಸಿನದ್ದು, ಖರ್ಗೆಯವರು ಬಿಡುಗಡೆ ಮಾಡಿದ್ದು.

ಸಿಲಿಂಡರಿಗೆ ಹಬ್ಬದ ಹೆಸರು ಹೇಳಿದ್ದು ಒಳ್ಳೆಯದೆನಿಸಿತು. ಯಾವಾಗ ಎಂದು ಗೊತ್ತಾಗುತ್ತದೆ. ಹಾಲು? ಗುಡ್ಡದ ಮೇಲಿನ ಒಂಟಿ ಮನೆಗೆ ದಿನಾ ಅರ್ಧ ಲೀಟರ್ ಯಾರು ಮುಟ್ಟಿಸುತ್ತಾರೆ? ಸಿರಿಧಾನ್ಯವನ್ನು ಈ ಕಡೆ ಬೇಯಿಸುವವರು ಯಾರು? ಬೆಂಗಳೂರಿನಲ್ಲಿ ಕೂತು ಬರೆದವರಿಗೆ ಕರಾವಳಿಯ ಒಲೆ ಕಾಣುವುದಿಲ್ಲ. ಎರಡು ಪಕ್ಷಕ್ಕೂ ಕಾಣುವುದಿಲ್ಲ.

ಹಣದ ಲೆಕ್ಕ ಪೇಪರಿನಲ್ಲಿ ಹುಡುಕಿದೆ. ನನಗೆ ಸಿಗಲಿಲ್ಲ.

3 ಮೇ, ಬುಧವಾರ

ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ದ್ವೇಷ ಹರಡುವ ಸಂಘಟನೆಗಳ ಮೇಲೆ ಕ್ರಮ, ನಿಷೇಧವೂ ಸೇರಿ, ಎಂಬ ಸಾಲು. ಅದರಲ್ಲಿ ಬಜರಂಗದಳ, ಪಿಎಫ್‌ಐ ಹೆಸರು. ಇವತ್ತು ಪ್ರಧಾನಿ ಮುಲ್ಕಿಯ ಕೊಳ್ನಾಡಿಗೆ ಬಂದರು, ಮೂಡುಬಿದಿರೆ ಕ್ಷೇತ್ರವೇ. ಬಜರಂಗಬಲಿಯ ಜೈಕಾರದಿಂದ ಭಾಷಣ ಶುರು. ಸಂಜೆಯೊಳಗೆ ಅಕ್ಕಿ, ಕರೆಂಟು, ಬಸ್ಸು, ಹಾಲು, ಸಿಲಿಂಡರ್ ಎಲ್ಲ ಮಾಯ. ಇಡೀ ಪೇಟೆಯಲ್ಲಿ ಒಂದೇ ಸಾಲಿನ ಮಾತು.

4 ಮೇ, ಗುರುವಾರ

ಶಿಷ್ಯ ಫೋನ್ ಮಾಡಿದ. “ನೋಡಿದಿರಾ ಟೀಚರೇ? ಹೆಸರು ಹಿಡಿದು ಒಂದು ಸಾಲು ಬರೆದರು. ಎದುರಿನವರಿಗೆ ಹಿಡಿ ಸಿಕ್ಕಿತು. ಇದಕ್ಕೇ ನಾವು ಬರೆಯುವುದಿಲ್ಲ.”

ಬಾಯಿ ಕಟ್ಟಿತು. ಫೋನ್ ಇಟ್ಟ ಮೇಲೆ ಉತ್ತರ ಸಿಕ್ಕಿತು, ಯಾವಾಗಲೂ ಹಾಗೆ. ಆ ಸಾಲು ಓಟಿಗೆ ಮೊದಲೇ ಹೊರಬಂತಲ್ಲ. ಬೇಕಾದವರು ಒಪ್ಪಿದರು, ಬೇಡದವರು ಸಿಟ್ಟಾದರು. ಗೆದ್ದ ಮೇಲೆ ಗೊತ್ತಾಗುವುದಕ್ಕಿಂತ ಅದು ಮೇಲಲ್ಲವೇ?

ಆದರೆ ಅಕ್ಕಿಯ ಮಾತು ಸತ್ತದ್ದೂ ನಿಜ.

8 ಮೇ, ಸೋಮವಾರ

ಸಂಜೆ ಬಹಿರಂಗ ಪ್ರಚಾರ ಮುಗಿಯಿತು. ಮೈಕು ನಿಂತ ಮೇಲೆ ಊರಿನಲ್ಲಿ ಮರಕುಟಿಗದ ಸದ್ದು ಕೇಳಿಸಿತು.

10 ಮೇ, ಬುಧವಾರ. ಬೆಳಿಗ್ಗೆ 8:10

ಓಟು ಹಾಕಿ ಬಂದೆ. ನಾನು ಪಾಠ ಮಾಡಿದ ಕೋಣೆ. ಕರಿಹಲಗೆಗೆ ಪೇಪರು ಅಂಟಿಸಿದ್ದಾರೆ. ವಿವಿಪ್ಯಾಟಿನ ಗಾಜಿನೊಳಗೆ ಚೀಟಿ ಏಳು ಸೆಕೆಂಡು ಕಾಣುತ್ತದೆ. ಕ್ರಮಸಂಖ್ಯೆ, ಹೆಸರು, ಚಿಹ್ನೆ. ಆಮೇಲೆ ಬಿದ್ದುಹೋಗುತ್ತದೆ. ಓಟುದಾರ ಬರೆದುಕೊಟ್ಟದ್ದು ಸರಿಯೋ ಎಂದು ಅಲ್ಲೇ ನೋಡಿಕೊಳ್ಳುವ ವ್ಯವಸ್ಥೆ. ಅಭ್ಯರ್ಥಿ ಬರೆದುಕೊಟ್ಟದ್ದಕ್ಕೆ ಅಂಥದ್ದೊಂದು ಗಾಜು ಇಲ್ಲ.

ಯಾರಿಗೆ ಹಾಕಿದೆ ಎಂದು ಬರೆಯುವುದಿಲ್ಲ. ಒತ್ತುವಾಗ ಕೈ ಒಂದು ಕ್ಷಣ ನಿಂತಿತು.

13 ಮೇ, ಶನಿವಾರ

ಸುರತ್ಕಲ್ ಎನ್‌ಐಟಿಕೆಯಲ್ಲಿ ಎಣಿಕೆ. ಬಂಟ್ವಾಳದಲ್ಲಿ ರಾಜೇಶ್ ನಾಯ್ಕ್, ಬೆಳ್ತಂಗಡಿಯಲ್ಲಿ ಹರೀಶ್ ಪೂಂಜ, ಮೂಡುಬಿದಿರೆಯಲ್ಲಿ ಉಮಾನಾಥ ಕೋಟ್ಯಾನ್. ಮೂರೂ ಬಿಜೆಪಿ. ರಾಜ್ಯದಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19.

ಗ್ಯಾರಂಟಿಯೇ ಗೆಲ್ಲಿಸಿತು ಎಂದು ಟಿವಿಯವರು. ಅದೇ ಕಾರ್ಡು ನಮ್ಮ ಮೂರು ತಾಲೂಕಿಗೂ ಬಂದಿತ್ತು. ಇಲ್ಲಿ ಗೆಲ್ಲಿಸಲಿಲ್ಲ. ಯಾವ ಅಕ್ಕಿ ಎಂದು ಹೇಳಿದ್ದರೆ ಬೇರೆ ಆಗುತ್ತಿತ್ತೇ? ಆಗುತ್ತಿರಲಿಲ್ಲ ಎಂದೇ ತೋರುತ್ತದೆ. ನನ್ನ ಪ್ರಶ್ನೆ ಓಟು ಎಷ್ಟು ಬಿತ್ತು ಎಂಬುದರಿಂದ ಬಗೆಹರಿಯುವಂಥದ್ದಲ್ಲ.

3 ಜೂನ್, ಶನಿವಾರ

ನಿನ್ನೆ ಸಂಪುಟದಲ್ಲಿ ಐದು ಗ್ಯಾರಂಟಿಗೂ ಒಪ್ಪಿಗೆ. ಈಗ ವಿವರ ಬರುತ್ತಿದೆ, ಕಂತು ಕಂತಾಗಿ. ಕರೆಂಟು 200 ಯೂನಿಟ್ ತನಕ, ಆದರೆ ಪ್ರತಿ ಮನೆಗೆ ಹಿಂದಿನ ವರ್ಷದ ಸರಾಸರಿ, ಅದರ ಮೇಲೆ ಶೇ 10. ಮೆಸ್ಕಾಂ ಬಿಲ್ಲುಗಳನ್ನೆಲ್ಲ ಹರಡಿ ಕೂಡಿಸಿದೆ. ನನ್ನ ಸರಾಸರಿ 46. ಶೇ 10 ಸೇರಿದರೆ ಐವತ್ತು ಚಿಲ್ಲರೆ. ನನಗೆ ಸಾಕು. ದುಂದುಗಾರಿಕೆ ತಡೆಯಲು ಇದು ನ್ಯಾಯವೂ ಹೌದು. ಇಷ್ಟು ನ್ಯಾಯವಾದದ್ದನ್ನು ಏಪ್ರಿಲಿನಲ್ಲಿ ಹೇಳಲು ಏನು ತೊಂದರೆ ಇತ್ತು?

12 ಜೂನ್, ಸೋಮವಾರ

ನಿನ್ನೆಯಿಂದ ‘ಶಕ್ತಿ’, ಹೆಂಗಸರ ಉಚಿತ ಬಸ್ಸು. ಟಿವಿಯಲ್ಲಿ ಹೆಂಗಸರು ಬಸ್ಸಿನ ಮೆಟ್ಟಿಲಿಗೆ ಹಣೆ ಹಚ್ಚುತ್ತಿದ್ದಾರೆ. ಕಣ್ಣು ತುಂಬಿತು. ಇವತ್ತು ಮೂಡುಬಿದಿರೆಗೆ ಹೋದೆ. ಖಾಸಗಿ ಬಸ್ಸು. ಟಿಕೆಟು ತೆಗೆದುಕೊಂಡೆ. ಪಕ್ಕದ ಸೀಟಿನಲ್ಲಿ ಅದೇ ಹುಡುಗಿ.

30 ಜೂನ್, ಶುಕ್ರವಾರ. ಮಳೆ

ಹತ್ತು ಕೆಜಿಯಲ್ಲಿ ರಾಜ್ಯ ಕೊಡಬೇಕಿದ್ದ ಹೆಚ್ಚುವರಿ 5 ಕೆಜಿ ಅಕ್ಕಿ ಸಿಗಲಿಲ್ಲ. ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಮಾರುವುದನ್ನು ನಿಲ್ಲಿಸಿದ್ದಾರೆ. ಅದರ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ.

ಬೀಡಿ ಕಟ್ಟುವ ದೊಡ್ಡವಳಿಗೆ ಹೇಳಿದೆ. ಮುಖ ಅರಳಿತು. “ಹಾಗಾದ್ರೆ ಕುಚ್ಚಲಕ್ಕಿಯೇ ತರಬಹುದಲ್ಲ ಟೀಚರೇ! ಕಿಲೋ ಸ್ವಲ್ಪ ಕಮ್ಮಿ ಬಂದೀತು.”

ಯಾರೂ ಬರೆಯದ, ಯಾರೂ ಭರವಸೆ ಕೊಡದ ವಿವರ. ನಮಗೆ ಅದೇ ಸರಿಹೊಂದಿತು. ಎಲ್ಲವನ್ನೂ ಮೊದಲೇ ಬರೆದು ಕಟ್ಟಿಹಾಕಿದ್ದರೆ ಇದು ಆಗುತ್ತಿತ್ತೇ? ಈ ಪುಟದಲ್ಲಿ ನನ್ನ ಬಳಿ ಉತ್ತರ ಇಲ್ಲ.

8 ಜುಲೈ, ಶನಿವಾರ

ನಿನ್ನೆ ಬಜೆಟ್. ಐದು ಗ್ಯಾರಂಟಿಗೆ ವರ್ಷಕ್ಕೆ ಸುಮಾರು 52,000 ಕೋಟಿ. ಮದ್ಯದ ಸುಂಕ ಏರಿಸಿದ್ದಾರೆ. ಆಯೋಗದ ಪ್ರಸ್ತಾಪದ ನಮೂನೆ ಕೇಳಿದ್ದ ಅಂಕಿ ಎರಡು ತಿಂಗಳು ತಡವಾಗಿ ಬಂತು.

31 ಆಗಸ್ಟ್, ಗುರುವಾರ. ವೇಣೂರು

ನಿನ್ನೆ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ, ಮನೆಯೊಡತಿಯ ಆ 2,000 ರೂಪಾಯಿಗೆ, ಚಾಲನೆ. ಅತ್ತಿಗೆಗೆ ಇಲ್ಲ. ಅಣ್ಣ ಅಂಗಡಿಯ ಜಿಎಸ್‌ಟಿ ಕಟ್ಟುವವರು. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಮನೆಯ ಒಡತಿಗೆ ಬರುವುದಿಲ್ಲ. ನಿಯಮ ಸರಿಯೇ. ಇರುವವರಿಗೆ ಯಾಕೆ? ಆದರೆ ಸಹಿ ಹಾಕಿದ ಕಾರ್ಡು ಈ ಮನೆಗೂ ಬಂದಿತ್ತು, ದೇವರ ಫೋಟೋದ ಹಿಂದೆ ಇನ್ನೂ ಉಂಟು.

ಅತ್ತಿಗೆ ಬೀನ್ಸ್ ನಾರು ತೆಗೆಯುತ್ತಾ ಹೇಳಿದರು: “ಸಿಗಲಿಲ್ಲ ಅಂತ ಬೇಜಾರಿಲ್ಲ. ನನಗಿಲ್ಲ ಅಂತ ಆಗಲೇ ಹೇಳಿದ್ದರೂ ಓಟು ಅಲ್ಲಿಗೇ ಹಾಕ್ತಿದ್ದೆ. ಹೇಳಲಿಲ್ಲ ಅಂತ ಬೇಜಾರು.”

ಐದು ತಿಂಗಳಿಂದ ನಾನು ಹುಡುಕುತ್ತಿದ್ದ ಅಳತೆ ಇದೇ ಇರಬೇಕು. ಎಲ್ಲ ಬರೆಯುವುದು ಬೇಡ. ಯಾರಿಗೆ ಇಲ್ಲ ಎಂಬುದನ್ನು ಬರೆಯಲಿ.

ಶಿಷ್ಯನಿಗೆ ಫೋನ್ ಮಾಡಿ ಇಷ್ಟೇ ಹೇಳಿದೆ. ಮುಂದಿನ ಏಪ್ರಿಲಿಗೆ ಲೋಕಸಭೆ ಬರುತ್ತದೆ, ಆಗ ಪ್ರೂಫ್ ತಾ, ನೋಡಿ ಕೊಡುತ್ತೇನೆ ಎಂದೆ. ತರುತ್ತೇನೆ ಅಂದ.